ವಾರಕ್ಕೆ ಎರಡು ಸುತ್ತು

ಇಪ್ಪತ್ತಾರು ವರ್ಷ ದೊಡ್ಡಮ್ಮ ಹೊಲಿದದ್ದೆಲ್ಲ ಹರಿದದ್ದನ್ನೇ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ದೊಡ್ಡ ಯಂತ್ರಗಳ ಪಕ್ಕದ ಕೋಣೆಯಲ್ಲಿ ಕೂತು, ಸೀಳಿದ ಚಾದರ, ತೂತು ಬಿದ್ದ ದಿಂಬಿನ ಚೀಲ, ಲಾಡಿ ಕಿತ್ತುಬಂದ ರೋಗಿಗಳ ಅಂಗಿ ಎಲ್ಲಕ್ಕೂ ತೇಪೆ ಹಾಕಿ, ಮಡಚಿ, ಮತ್ತೆ ಮೇಲಿನ ವಾರ್ಡುಗಳಿಗೆ ಕಳಿಸುವುದು ಅವಳ ಕೆಲಸವಾಗಿತ್ತು. ಆ ಕೋಣೆಗೆ ಕಿಟಕಿ ಇರಲಿಲ್ಲ. ಇದ್ದ ಒಂದೇ ಟ್ಯೂಬ್‌ಲೈಟು ಮನಸ್ಸು ಬಂದಾಗ ಉರಿಯುತ್ತಿತ್ತು. "ನನ್ನ ಹೊಲಿಗೆ ಮೇಲೆ ಮಲಗಿ ಎದ್ದೋರು ಎಷ್ಟೋ, ಏಳದೇ ಹೋದೋರು ಎಷ್ಟೋ. ಒಬ್ಬರೂ ದೂರು ಹೇಳಿಲ್ಲ" ಎಂದು ಅವಳು ಮುಖ ಗಂಭೀರ ಮಾಡಿಕೊಂಡು ಹೇಳುತ್ತಿದ್ದಳು.

ನಿವೃತ್ತಳಾದ ದಿನ ಎಲ್ಲರಿಗೂ ಕೊಡುವಂತೆ ಅವಳಿಗೂ ಒಂದು ಗೋಡೆ ಗಡಿಯಾರ ಕೊಟ್ಟರು. ಅವಳು ಅದನ್ನು ಕಂಕುಳಲ್ಲಿಟ್ಟುಕೊಂಡು, ರದ್ದಿಗೆ ಹಾಕಿದ್ದ ಚಾದರಗಳ ಒಂದು ಗಂಟನ್ನು ಕೇಳಿ ಪಡೆದು ಮನೆಗೆ ಹೊತ್ತು ತಂದಳು. ಕೌದಿ ಶುರುವಾದದ್ದು ಅಲ್ಲಿಂದ. ಕೆಳಗೆ ಚಾದರ, ನಡುವೆ ಹಳೆ ಬಟ್ಟೆಯ ಎರಡು ಮೂರು ಪದರ, ಮೇಲೆ ಬಣ್ಣಬಣ್ಣದ ತುಂಡುಗಳ ಜೋಡಣೆ. ಆಮೇಲೆ ಹೊರ ಅಂಚಿನಿಂದ ಹಿಡಿದು, ಬೆರಳಗಲ ಬಿಟ್ಟು ಬಿಟ್ಟು, ಸುತ್ತು ಸುತ್ತಾಗಿ ಕೈಹೊಲಿಗೆ ಹಾಕುತ್ತಾ ನಡುವಿಗೆ ಬಂದು ಮುಟ್ಟುವುದು. ಹಾಗೆ ಹನ್ನೊಂದು ಕೌದಿ ಹೊಲಿದಳು. ಹನ್ನೊಂದೂ ಬೇರೆಯವರ ಮನೆ ಸೇರಿದವು. ಹೆರಿಗೆಯಾದ ನರ್ಸೊಬ್ಬಳಿಗೆ ಒಂದು, ಕೆಳಗಿನ ಮನೆಯ ಮುದುಕರಿಗೆ ಒಂದು. ನಲ್ಲಿ ರಿಪೇರಿಗೆ ಬಂದವನು "ಚೆನ್ನಾಗಿದೆಯಲ್ಲಮ್ಮಾ" ಎಂದು ಬಾಯಿಮಾತಿಗೆ ಹೇಳಿದ್ದಕ್ಕೆ ಅವನ ಹೆಗಲಿಗೂ ಒಂದು. ತಾನು ಮಾತ್ರ ಅಂಗಡಿಯಿಂದ ತಂದ, ಮೈಗೆಲ್ಲ ನೂಲು ಅಂಟಿಸುವ ಕಂಬಳಿ ಹೊದ್ದು ಮಲಗುತ್ತಿದ್ದಳು.

ಗಂಡ ತೀರಿಹೋಗಿ, ಮಕ್ಕಳಿಲ್ಲದ ಆ ಎರಡು ಕೋಣೆಯ ಮನೆಗೆ ಬಂದು ಸೇರಿಕೊಂಡವನು ತಂಗಿಯ ಮಗ. ಊರಾಚೆಯ ಗೋದಾಮಿನಲ್ಲಿ ಅವನಿಗೆ ಕೆಲಸ. ಈ ವಾರ ಇಷ್ಟು ಪೆಟ್ಟಿಗೆ ಹೊರಡಬೇಕು ಎಂದು ಮೇಲಿನವರು ಹೇಳಿದ್ದನ್ನು ಸೋಮವಾರ ಬಿಳಿ ಹಲಗೆಯ ಮೇಲೆ ಬರೆಯುವುದು, ಹೊರಡಲಿಲ್ಲ ಎಂಬುದನ್ನು ಶನಿವಾರ ಅದರ ಕೆಳಗೇ ಕೆಂಪು ಶಾಯಿಯಲ್ಲಿ ಬರೆಯುವುದು. ಪೆಟ್ಟಿಗೆ ಎತ್ತುವವರು ಅವನಿಗೆ ಪಟ್ಟಿ ಸಾಹೇಬ ಎಂದು ಹೆಸರಿಟ್ಟಿದ್ದರು. ಹೆಸರು ಹೇಗೋ ಮನೆಯವರೆಗೂ ಬಂತು. ದೊಡ್ಡಮ್ಮ ಖುಷಿಯಲ್ಲಿದ್ದಾಗ "ಸಾಹೇಬರು ಊಟಕ್ಕೆ ಏಳಬೇಕು" ಅನ್ನುತ್ತಿದ್ದಳು.

ಪಟ್ಟಿ ಬರೆಯುವ ಚಟ ಅವನಿಗೆ ಕೆಲಸದಿಂದ ಅಂಟಿದ್ದೋ ಹುಟ್ಟಿನಿಂದ ಬಂದದ್ದೋ ಹೇಳುವುದು ಕಷ್ಟ. ಅವನ ಬೀರುವಿನ ಬಾಗಿಲ ಒಳಮೈಗೆ ಸದಾ ಒಂದು ಪಟ್ಟಿ ಅಂಟಿರುತ್ತಿತ್ತು. ಬೆಳಗ್ಗೆ ಐದಕ್ಕೆ ಎದ್ದು ಓಡುವ ಪಟ್ಟಿ ಎರಡನೆಯ ವಾರಕ್ಕೆ ನಡಿಗೆಯಾಯಿತು, ಮೂರನೆಯ ವಾರಕ್ಕೆ ಮಲಗಿತು. ದಿನಕ್ಕೆ ಹತ್ತು ಪುಟ ಓದುವ ಪಟ್ಟಿಯನ್ನು ಬರೆಯಲು ಮೂರು ದಿನ ಹಿಡಿಯಿತು, ಓದಿದ್ದು ಎರಡು ದಿನ. ಮೇಲಿನ ಹುದ್ದೆಯ ಪರೀಕ್ಷೆಗೆ ಮಾಡಿದ ಪಟ್ಟಿಯಂತೂ ಎಷ್ಟು ಚೆಂದವಿತ್ತೆಂದರೆ, ಅದನ್ನು ನೋಡುತ್ತಾ ಕೂತೇ ಪರೀಕ್ಷೆಯ ದಿನ ಕಳೆದುಹೋಯಿತು. ಇಪ್ಪತ್ತೊಂಬತ್ತು ವರ್ಷದ ಬದುಕಿನಲ್ಲಿ ಅವನು ಕೊನೆಯ ಮನೆಯವರೆಗೆ ತುಂಬಿಸಿದ ಪಟ್ಟಿ ಒಂದೂ ಇರಲಿಲ್ಲ.

ದೊಡ್ಡಮ್ಮನ ಕಣ್ಣಿನ ಸಮಾಚಾರ ಗೊತ್ತಾದದ್ದು ಕನ್ನಡಕ ಬದಲಿಸಲು ಹೋದಾಗ. ಕನ್ನಡಕದವನು ದೀಪ ಬಿಟ್ಟು ನೋಡಿ, ತನ್ನ ಕೈಯಲ್ಲಿಲ್ಲ, ಆಸ್ಪತ್ರೆಗೆ ಹೋಗಿ ಅಂದ. ಅವಳು ದುಡಿದ ಅದೇ ಆಸ್ಪತ್ರೆ. ನೆಲಮಾಳಿಗೆ ಬಿಟ್ಟು ಎರಡನೆಯ ಮಹಡಿ ಹತ್ತಿದ್ದು ಅವಳಿಗೆ ಅದೇ ಮೊದಲು. ಕಣ್ಣಿನ ಡಾಕ್ಟರಮ್ಮ ನಿಧಾನವಾಗಿ ಹೇಳಿದರು.

"ಕಣ್ಣೊಳಗೆ ಒತ್ತಡ ಜಾಸ್ತಿ ಆಗಿದೆ ಅಮ್ಮಾ. ಹಿಂದಿನ ನರ ಒಣಗ್ತಾ ಇದೆ. ಇದು ಅಂಚಿಂದ ಶುರುವಾಗಿ ನಡುವಿಗೆ ಬರುತ್ತೆ, ಅದಕ್ಕೇ ಬೇಗ ಗೊತ್ತಾಗಲ್ಲ. ಹೋದ ದೃಷ್ಟಿ ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೋಬೇಕು."

"ಎಷ್ಟು ದಿನ ಉಳಿಯುತ್ತೆ?" ದೊಡ್ಡಮ್ಮ ಹಾಲಿನ ಬಗ್ಗೆ ಕೇಳಿದಂತೆ ಕೇಳಿದಳು.

"ಔಷಧಿಗೆ ಬಗ್ಗಿದ್ರೆ ಸಾಯೋವರೆಗೂ. ಬಗ್ಗದಿದ್ರೆ ಆಪರೇಷನ್ ಮಾಡ್ಬೇಕು, ಅದೂ ತಡಮಾಡದೆ. ಎರಡು ಹೊತ್ತೂ ಹನಿ ಹಾಕಿ. ಎರಡು ತಿಂಗಳು ಬಿಟ್ಟು ಬನ್ನಿ. ನಡುವೆ ಏನಾದ್ರೂ ಕಡಿಮೆ ಆಯ್ತು ಅನ್ನಿಸಿದ್ರೆ ಅವತ್ತೇ ಬನ್ನಿ."

ಬಸ್ಸಿನಲ್ಲಿ ಕೂತು ಅರ್ಧ ದಾರಿ ಬಂದ ಮೇಲೆ ದೊಡ್ಡಮ್ಮ ಬಾಯಿಬಿಟ್ಟಳು. "ಲೋ, ನನಗೂ ಅಂತ ಒಂದು ಕೌದಿ ಹೊಲ್ಕೊಳ್ಳೋಣ ಅನ್ಸುತ್ತೆ. ಕಣ್ಣಿರೋವಾಗ."

ಪಟ್ಟಿ ಸಾಹೇಬನಿಗೆ ಮೈಯಲ್ಲಿ ವಿದ್ಯುತ್ ಹರಿದಂತಾಯಿತು. ಕಾಯಿಲೆಯ ಮುಂದೆ ಅವನು ಏನೂ ಮಾಡುವಂತಿರಲಿಲ್ಲ. ಕೌದಿಯ ಮುಂದೆ ಒಂದು ಪಟ್ಟಿ ಹಾಕಬಹುದಿತ್ತು.

ಮೇಲಿನ ತುಂಡುಗಳನ್ನು ಅವಳು ಆ ವಾರವೇ ಜೋಡಿಸಿದಳು. ಸತ್ತ ಗಂಡನ ಕಂಡಕ್ಟರ್ ಅಂಗಿಯ ಖಾಕಿ, ತಂಗಿಯ ಹೂವಿನ ಲಂಗ, ಹಳೆ ಪರದೆಯ ಹಸಿರು, ಪಟ್ಟಿ ಸಾಹೇಬ ಶಾಲೆಗೆ ಹಾಕುತ್ತಿದ್ದ ಚೌಕಳಿ ಶರಟು. ಉದ್ದ ಏಳಡಿ, ಅಗಲ ಐದಡಿ. ಅವನು ನೆಲದ ಮೇಲೆ ಮಂಡಿಯೂರಿ ಅಳತೆಪಟ್ಟಿ ಹಿಡಿದು ಲೆಕ್ಕ ಹಾಕಿದ. ಮುಕ್ಕಾಲು ಇಂಚಿಗೊಂದು ಸುತ್ತು ಅಂದರೆ ನಡುವಿಗೆ ಹೋಗುವಷ್ಟರಲ್ಲಿ ನಲವತ್ತು ಸುತ್ತು. ವಾರಕ್ಕೆ ಎರಡು. ಇಪ್ಪತ್ತು ವಾರ.

"ಆಗುತ್ತಾ ದೊಡ್ಡಮ್ಮಾ?"

ಅವಳು ಕೌದಿಯ ಕಡೆ ನೋಡಿದಳು, ಅವನ ಕಡೆ ನೋಡಿದಳು. "ಆಗ್ದೇ ಏನು. ಬರ್ಕೋ."

ವಾರಕ್ಕೊಂದು ಚೌಕದಂತೆ ಇಪ್ಪತ್ತು ಮನೆಗಳ ಪಟ್ಟಿ ಅಡುಗೆಮನೆಯ ಗೋಡೆಗೆ ಏರಿತು. ಭಾನುವಾರ ಬೆಳಗ್ಗೆ ಚಹಾ ಕುಡಿದು, ಹಸಿರು ಪೆನ್ನು ಹಿಡಿದು ಅವನು ಬರುತ್ತಿದ್ದ. ಅವಳು ಕೌದಿಯ ಮೂಲೆಯನ್ನು ಎತ್ತಿ ತೋರಿಸುತ್ತಿದ್ದಳು. ಅವನು "ಒಂದು, ಎರಡು" ಎಂದು ಬೆರಳಿಟ್ಟು ಎಣಿಸಿ, ಒಂದು ಮನೆಗೆ ಸರಿ ಗುರುತು ಹಾಕುತ್ತಿದ್ದ. ಮೊದಲ ಮೂರು ವಾರ ಅವನಿಗೆ ಒಳಗೊಳಗೇ ಅಳುಕಿತ್ತು, ಅವನ ಪಟ್ಟಿಗಳು ಸಾಯುವ ವಯಸ್ಸು ಅದು. ನಾಲ್ಕನೆಯ ಭಾನುವಾರವೂ ಎರಡು ಸುತ್ತು ಇದ್ದವು. ಐದನೆಯದಕ್ಕೂ ಇದ್ದವು. ಅವನು ಪಟ್ಟಿಯ ಫೋಟೋ ತೆಗೆದು ಗೋದಾಮಿಗೆ ಒಯ್ದು, ಕೇಳಿದವರಿಗೂ ಕೇಳದವರಿಗೂ ತೋರಿಸಿದ.

"ನೋಡ್ರೋ, ಅರವತ್ತೆಂಟು ವರ್ಷ. ಒಂದು ವಾರ ತಪ್ಪಿಲ್ಲ."

"ನಿಮ್ಮ ದೊಡ್ಡಮ್ಮನ್ನೇ ಇಲ್ಲಿಗೆ ಕಳ್ಸು. ನೀನು ಮನೇಲಿ ಕೂತು ಹೊಲಿ," ಎಂದ ಪೆಟ್ಟಿಗೆ ಎತ್ತುವವರಲ್ಲೊಬ್ಬ. ಎಲ್ಲರೂ ನಕ್ಕರು, ಇವನೂ ನಕ್ಕ. ಯಾರ ಗೆಲುವೋ ಏನೋ, ಎದೆ ಉಬ್ಬಿದ್ದು ಇವನದು.

ಮನೆಯಲ್ಲಿ ಸಣ್ಣಪುಟ್ಟ ಬದಲಾವಣೆಗಳು ಆಗುತ್ತಿದ್ದವು. ಮೊದಲು ಕೋಣೆಯ ಮಂಚದ ಮೇಲೆ ಕೂತು ಹೊಲಿಯುತ್ತಿದ್ದವಳು ಕಿಟಕಿಯ ಬಳಿಗೆ ಬಂದಳು, ಆಮೇಲೆ ಬಾಲ್ಕನಿಗೆ ಬಂದಳು. ಗಾಳಿ ಚೆನ್ನಾಗಿದೆ ಎಂದು ಅವನು ಕುರ್ಚಿ ಎತ್ತಿಟ್ಟುಕೊಟ್ಟ. ಬಿಳಿ ದಾರ ಬಿಟ್ಟು ಕಡುಗೆಂಪು ದಾರ ತರಲು ಹೇಳಿದಳು. ಇಳಿವಯಸ್ಸಿನಲ್ಲೂ ಎಂಥ ಬಣ್ಣದ ರುಚಿ ಎಂದು ಮೆಚ್ಚಿದ. ಕತ್ತರಿಗೆ ದಾರ ಕಟ್ಟಿ ಕೊರಳಿಗೆ ನೇತುಹಾಕಿಕೊಂಡಳು. "ಇದೇನು ಪದಕ?" ಎಂದು ಛೇಡಿಸಿದ. "ಹೂಂ, ವಾರವಾರ ಗುರಿ ಮುಟ್ಟಿದ್ದಕ್ಕೆ ಸಾಹೇಬರು ಕೊಟ್ಟಿದ್ದು," ಎಂದಳು. ತೆರೆದಿಟ್ಟ ಬೀರುವಿನ ಬಾಗಿಲು ಬಡಿದು ಅವಳ ಭುಜ ನೀಲಿಗಟ್ಟಿತು. ಅವನು ತನ್ನನ್ನೇ ಬೈದುಕೊಂಡ, ಬಾಗಿಲು ತೆರೆದಿಟ್ಟಿದ್ದಕ್ಕೆ.

ಮೊದಲೆಲ್ಲ ಗುರುವಾರದ ಹೊತ್ತಿಗೇ ಎರಡು ಸುತ್ತು ಮುಗಿಸಿ ಕೈ ಝಾಡಿಸಿಕೊಳ್ಳುತ್ತಿದ್ದಳು. ಬರುಬರುತ್ತಾ ಅದು ಶುಕ್ರವಾರವಾಯಿತು, ಶನಿವಾರವಾಯಿತು. ಕೆಲವು ಭಾನುವಾರ ಅವನು ಪೆನ್ನು ಹಿಡಿದು ಬಂದಾಗ ಅವಳು ಕೊನೆಯ ಗಂಟು ಹಾಕುತ್ತಿರುತ್ತಿದ್ದಳು. ಕೆಲಸವನ್ನು ವಾರದುದ್ದಕ್ಕೂ ಸಮನಾಗಿ ಹಂಚಿಕೊಳ್ಳುವುದು ಕಲಿತಿದ್ದಾಳೆ ಎಂದುಕೊಂಡ. ಗೋದಾಮಿನ ತರಬೇತಿಯಲ್ಲಿ ಹಾಗೆ ಹೇಳಿಕೊಟ್ಟಿದ್ದರು.

ಒಂಬತ್ತನೆಯ ವಾರ ಆಸ್ಪತ್ರೆಗೆ ಹೋದರು. ಹೊರಗೆ ಬೆಂಚುಗಳೆಲ್ಲ ತುಂಬಿ ಜನ ಮೆಟ್ಟಿಲ ಮೇಲೆ ಕೂತಿದ್ದರು. ಡಾಕ್ಟರಮ್ಮನ ಕಣ್ಣ ಕೆಳಗೇ ಕಪ್ಪುಗಟ್ಟಿತ್ತು. ಗೋಡೆಯ ಮೇಲಿನ ಅಕ್ಷರಗಳನ್ನು ದೊಡ್ಡಮ್ಮ ಹೇಗೋ ಓದಿದಳು. ಒತ್ತಡ ನೋಡಿದರು, ಇಳಿಯಬೇಕಾದಷ್ಟು ಇಳಿದಿರಲಿಲ್ಲ.

"ಸುತ್ತಲೂ ಎಷ್ಟು ಕಾಣುತ್ತೆ ಅಂತ ನೋಡೋದಕ್ಕೆ ಬೇರೆ ಯಂತ್ರ ಇದೆ. ಒಂದೇ ಇರೋದು. ಮಾಮೂಲಿ ಸಾಲಲ್ಲಿ ಹೋದ್ರೆ ನಾಲ್ಕು ತಿಂಗಳು. ತುರ್ತು ಅಂತ ಬರೆದ್ರೆ ಹತ್ತು ದಿನ. ಎಲ್ಲರಿಗೂ ತುರ್ತು ಅಂತ ಬರೆಯೋಕಾಗಲ್ಲ, ಗೊತ್ತಲ್ಲ? ಹೇಗಿದೆ ಅಮ್ಮಾ? ಮೊದಲಿಗಿಂತ ಕಡಿಮೆ ಅನ್ನಿಸ್ತಿದೆಯಾ?"

"ಇದೆ ಮೇಡಂ. ನಡೀತಿದೆ," ಎಂದಳು ದೊಡ್ಡಮ್ಮ.

ಡಾಕ್ಟರಮ್ಮ ಪಟ್ಟಿ ಸಾಹೇಬನ ಕಡೆ ತಿರುಗಿದರು. "ಇವರು ಹೇಳಲ್ಲ. ನೀವು ಜೊತೇಲಿರೋರು. ಕೈಕೆಲಸ ಏನಾದ್ರೂ ಮಾಡ್ತಾರಾ? ಅದು ಕಡಿಮೆಯಾಗಿದೆಯಾ?"

ಬದುಕಿಡೀ ಯಾರೂ ಅವನನ್ನು ಇಷ್ಟು ಅನುಕೂಲವಾದ ಪ್ರಶ್ನೆ ಕೇಳಿರಲಿಲ್ಲ. ಅವನು ಫೋನು ತೆಗೆದ. "ಹೊಲೀತಾರೆ ಮೇಡಂ. ಕೈಹೊಲಿಗೆ. ನೋಡಿ, ವಾರಕ್ಕೆ ಎರಡು ಸುತ್ತು. ಎಂಟು ವಾರ ಆಯ್ತು, ಒಂದು ವಾರನೂ ಕಡಿಮೆ ಆಗಿಲ್ಲ. ಇದು ಒಂಬತ್ತನೇದು."

ಅವರು ಫೋನನ್ನು ಹತ್ತಿರ ಹಿಡಿದು ನೋಡಿದರು. ಅವರ ಮುಖ ಸ್ವಲ್ಪ ಹಗುರಾಯಿತು. "ಸೂಜಿ ಕೆಲಸ ಇಷ್ಟು ಸರಿಯಾಗಿ ನಡೀತಿದೆ ಅಂದ್ರೆ ಒಳ್ಳೇದೇ. ಎಲ್ಲರೂ ಹೀಗೆ ಬರೆದಿಟ್ರೆ ನಮಗೂ ಸುಲಭ." ಚೀಟಿಯ ಮೇಲೆ ಏನೋ ಬರೆದು, ಇನ್ನೊಂದು ಹನಿ ಸೇರಿಸಿ, ಮಾಮೂಲಿ ಸಾಲಿನ ಚೀಟಿ ಕೊಟ್ಟರು. ಹೊರಗೆ ಬರುವಾಗ ದೊಡ್ಡಮ್ಮ ಅವನ ಮೊಣಕೈ ಹಿಡಿದುಕೊಂಡಳು. ಮೆಟ್ಟಿಲ ಮೇಲೆ ಜನ ಕೂತಿದ್ದರಲ್ಲ, ಅದಕ್ಕೆ ಎಂದುಕೊಂಡ. ಅವನು ನಾಚಿಕೆಯಿಲ್ಲದೆ ಹಿಗ್ಗಿ ಹೀರೇಕಾಯಿಯಾಗಿದ್ದ.

ಹದಿನೈದನೆಯ ವಾರ, ಶನಿವಾರ. ಗೋದಾಮಿನಲ್ಲಿ ಅರ್ಧ ದಿನ ಕೆಲಸ. ಬಸ್ ಇಳಿದು ದಾರದಂಗಡಿಗೆ ಹೋದ. ಗುಂಡಿ, ಜಿಪ್ಪು, ಲಾಡಿ, ದಾರ ಬಿಟ್ಟು ಬೇರೇನೂ ಇಲ್ಲದ, ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲೇ ನಿಲ್ಲಬೇಕಾದ ಅಂಗಡಿ ಅದು. ಯಜಮಾನರು ಕನ್ನಡಕದ ಮೇಲಿನಿಂದ ನೋಡಿದರು.

"ಏನಪ್ಪಾ, ನಿಮ್ಮ ದೊಡ್ಡಮ್ಮ ಹೊಲಿಯೋದು ಬಿಟ್ಬಿಟ್ರಾ?"

"ಬಿಡೋದಾ! ಹದಿನಾಲ್ಕು ವಾರದಲ್ಲಿ ಒಂದು ವಾರ ತಪ್ಪಿಲ್ಲ. ಬೇಕಾದ್ರೆ ನೋಡಿ," ಎಂದು ಫೋನಿಗೆ ಕೈಹಾಕಿದ.

"ಅದೇನು ತೋರಿಸ್ತೀಯ, ನನ್ನ ದಾರ ಹೇಳುತ್ತಲ್ಲ. ಮೊದಲು ಎರಡು ವಾರಕ್ಕೊಂದು ಉಂಡೆ ಒಯ್ತಿದ್ದೆ. ಈಗ ನೀನು ಈ ಕಡೆ ತಲೆ ಹಾಕಿ ತಿಂಗಳ ಮೇಲಾಯ್ತು."

"ಇಲ್ಲ, ವಾರಕ್ಕೆ ಎರಡು ಸುತ್ತು, ಎಣಿಸಿ ಗುರುತು ಹಾಕೋನು ನಾನೇ."

"ಸುತ್ತಾ?" ಯಜಮಾನರು ಬಿಲ್ಲು ಪುಸ್ತಕವನ್ನು ಅವನ ಮುಂದೆ ತಳ್ಳಿದರು. "ಇದು ಕೌದಿ ಅಂದ್ಕೋ. ಮೊದಲ್ನೇ ಸುತ್ತು ಇಲ್ಲಿ." ಬೆರಳು ಪುಸ್ತಕದ ಅಂಚಿನಗುಂಟ ಸುತ್ತಿ ಬಂತು. "ಈಗ ಹೊಲಿಯೋ ಸುತ್ತು ಇಲ್ಲಿ." ಬೆರಳು ನಡುವೆ ಒಂದು ಬೆಂಕಿಪೊಟ್ಟಣದಷ್ಟು ಜಾಗವನ್ನು ಸುತ್ತಿತು. "ಎರಡೂ ಒಂದೇನಾ? ಗೋದಾಮಲ್ಲಿ ಲೆಕ್ಕ ಬರೆಯೋನಂತೆ! ಯಾರಪ್ಪಾ ನಿಂಗೆ ಕೆಲಸ ಕೊಟ್ಟೋರು?"

ಯಜಮಾನರು ಹೊಟ್ಟೆ ಕುಣಿಸಿ ನಕ್ಕರು. ಅವನೂ ನಗಲು ಹೋದ. ಹಲ್ಲು ಹೊರಬಂತು, ನಗು ಬರಲಿಲ್ಲ. ದಾರ ಕೊಳ್ಳದೆ ಅಂಗಡಿಯ ಮೆಟ್ಟಿಲಿಳಿದ.

ದೊಡ್ಡಮ್ಮ ಬಾಲ್ಕನಿಯಲ್ಲಿದ್ದಳು. ಕೌದಿ ಅವಳ ಮಡಿಲಿಂದ ನೆಲದವರೆಗೆ ಹರಡಿತ್ತು. ಅವನು ಚಪ್ಪಲಿಯನ್ನೂ ಬಿಡದೆ ಅಳತೆಪಟ್ಟಿ ತಂದು ಅಳೆಯತೊಡಗಿದ. ಹೊರಗಿನ ಎರಡು ಸುತ್ತು ಸೇರಿ ನಲವತ್ತೇಳೂವರೆ ಅಡಿ. ಅದರ ಒಳಗಿನವು ನಲವತ್ತೈದೂವರೆ. ವಾರಕ್ಕೆ ಎರಡಡಿಯಂತೆ ಇಳಿಯುತ್ತಾ ಬಂದಿತ್ತು. ಈ ವಾರದ್ದು ಮುಗಿದರೆ ಹತ್ತೊಂಬತ್ತೂವರೆ. ಡಾಕ್ಟರಮ್ಮನಿಗೆ ಫೋಟೋ ತೋರಿಸಿ ಬೆನ್ನು ತಟ್ಟಿಸಿಕೊಂಡ ವಾರದ್ದು ಮೂವತ್ತೊಂದೂವರೆ. ಅಂದರೆ ಆಗಲೇ ಮೂರರಲ್ಲಿ ಒಂದು ಪಾಲು ಇಳಿದುಹೋಗಿತ್ತು. ಗುರುವಾರಕ್ಕೇ ಮುಗಿಯುತ್ತಿದ್ದ ನಲವತ್ತೇಳಡಿ ಎಲ್ಲಿ, ಭಾನುವಾರಕ್ಕೂ ಎಳೆದಾಡುವ ಇಪ್ಪತ್ತಡಿ ಎಲ್ಲಿ. ಪಟ್ಟಿಯಲ್ಲಿ ಮಾತ್ರ ಎಲ್ಲ ಮನೆಯೂ ಒಂದೇ ಅಳತೆಯ ಹಸಿರು.

"ಏನೋ ಅದು, ಕೌದಿಗೆ ಅಂಗಿ ಹೊಲಿಸ್ತೀಯಾ?" ಎಂದಳು ದೊಡ್ಡಮ್ಮ.

"ನಿಂಗೆ ಕಾಣ್ತಿಲ್ಲ ಅಲ್ವಾ?"

ಅವಳು ಸೂಜಿಯ ತುದಿಯನ್ನು ಹೆಬ್ಬೆರಳಿನಿಂದ ಸವರಿದಳು. "ಎದುರಿಗಿರೋದು ಕಾಣುತ್ತೆ. ಪಕ್ಕದ್ದು ಹೋಗಿ ಸ್ವಲ್ಪ ದಿನ ಆಯ್ತು."

"ಹೇಳ್ಬಾರ್ದಿತ್ತಾ? ಅವತ್ತು ಡಾಕ್ಟ್ರು ಕೇಳಿದ್ರಲ್ಲ, ಬಾಯಿಬಿಟ್ಟು ಹೇಳೋಕೇನು?"

"ಹೇಳೋಣ ಅಂತಲೇ ಇದ್ದೆ. ಅಷ್ಟರಲ್ಲಿ ನೀನು ಫೋನು ತೆಗೆದೆ." ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. "ಅಷ್ಟು ಖುಷಿಯಾಗಿ ತೋರಿಸ್ತಿದ್ದೆ. ಒಂದಾದ್ರೂ ಪಟ್ಟಿ ಪೂರ್ತಿ ಆಗ್ಲಿ ಇವನ್ದು ಅನ್ನಿಸ್ತು."

"ಒಳಗೆ ಹೋಗ್ತಾ ಸುತ್ತು ಚಿಕ್ಕದಾಗುತ್ತೆ ಅಂತ ನಿಂಗೆ ಗೊತ್ತಿತ್ತು."

"ಹನ್ನೊಂದು ಹೊಲಿದಿದ್ದೀನಲ್ಲೋ, ಗೊತ್ತಿರಲ್ವಾ? ಅದಕ್ಕೇ ಬರ್ಕೋ ಅಂದೆ. ನನ್ನ ಕಣ್ಣು ಇಳಿದ ಹಾಗೆ ಕೆಲಸನೂ ಇಳಿಯುತ್ತೆ, ಹೇಗೋ ಸರಿತೂಗಿಸ್ಕೊಂಡು ಹೋಗ್ಬಹುದು ಅಂತ. ನಿಂಗೂ ಗೊತ್ತಿದೆ ಅಂದ್ಕೊಂಡಿದ್ದೆ. ಅಳತೆ ಮಾಡಿದೋನು ನೀನೇ ಅಲ್ವಾ?"

ಅವನು ಅಳತೆಪಟ್ಟಿ ಸುತ್ತಿಟ್ಟ. ಕೌದಿಯನ್ನು ಪಕ್ಕಕ್ಕಿಡು, ಸೋಮವಾರ ಬೆಳಗ್ಗೆಯೇ ಆಸ್ಪತ್ರೆಗೆ ಹೋಗೋಣ ಎಂದ. ಹೋಗೋಣ, ಇನ್ನೊಂದೇ ಬದಿ ಇದೆ, ಮುಗಿಸಿಬಿಡ್ತೀನಿ ಎಂದಳು. ಅವನು ಹೊಸ್ತಿಲ ಮೇಲೆ ಕೂತು ನೋಡಿದ. ಹದಿನೈದು ವಾರದಲ್ಲಿ ಅವಳು ಹೊಲಿಯುವುದನ್ನು ಅವನು ಹೀಗೆ ಕೂತು ನೋಡಿದ್ದು ಅದೇ ಮೊದಲು. ಭಾನುವಾರ ಎಣಿಸುವುದಕ್ಕೆ ಬರುತ್ತಿದ್ದವನು ಹೊಲಿಯುವ ಹೊತ್ತಿನಲ್ಲಿ ಎಂದೂ ಎದುರಿಗೆ ಕೂತಿರಲಿಲ್ಲ. ಎಡಗೈಯ ಉಗುರಿನಿಂದ ಹಿಂದಿನ ಸುತ್ತನ್ನು ತಡಕಿ ಹುಡುಕುವಳು. ಬೆರಳನ್ನು ಅಲ್ಲಿಟ್ಟು, ಅದರ ಪಕ್ಕಕ್ಕೆ ಸೂಜಿಯನ್ನು ಊರುವಳು. ಕತ್ತನ್ನು ಹಕ್ಕಿಯ ಹಾಗೆ ಆಚೆ ಈಚೆ ತಿರುಗಿಸಿ, ಚುಚ್ಚಿದ ಜಾಗವನ್ನು ಕಣ್ಣಿನ ಎದುರಿಗೆ ತಂದುಕೊಳ್ಳುವಳು. ಆಮೇಲೆ ಒಂದು ಹೊಲಿಗೆ. ಮತ್ತೆ ಉಗುರು. ಮೂರಡಿ ಚಿಲ್ಲರೆ ಉದ್ದದ ಆ ಒಂದು ಬದಿ ಮುಗಿಯುವಷ್ಟರಲ್ಲಿ ಬಾಲ್ಕನಿಯ ಬಿಸಿಲು ಎದುರು ಮನೆಯ ಗೋಡೆ ಹತ್ತಿಹೋಗಿತ್ತು. ಹೊಲಿಗೆಗಳು ಮಾತ್ರ ಅಕ್ಕಿಕಾಳು ಸಾಲಿಟ್ಟಂತೆ ಒಂದೇ ಸಮ ಇದ್ದವು. ಆಸ್ಪತ್ರೆಯ ಯಾವ ಡಾಕ್ಟರಿಗೆ ತೋರಿಸಿದ್ದರೂ ಈ ಕೈಗೆ ಕಣ್ಣಿಲ್ಲ ಎಂದು ನಂಬುತ್ತಿರಲಿಲ್ಲ.

ಸೋಮವಾರ ತುರ್ತು ಚೀಟಿ ಸಿಕ್ಕಿತು. ಹತ್ತನೆಯ ದಿನ ಯಂತ್ರದ ಮುಂದೆ ಕೂರಿಸಿದರು. ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಅವನು ಬಾಗಿಲ ಹೊರಗೆ ನಿಂತು ಆ ಗುಂಡಿಯ ಸದ್ದಿಗೆ ಕಿವಿಗೊಟ್ಟಿದ್ದ. ತುಂಬ ಹೊತ್ತು ಏನೂ ಕೇಳುತ್ತಿರಲಿಲ್ಲ. ಒಮ್ಮೆ ಟಿಕ್ ಅನ್ನುತ್ತಿತ್ತು. ಮತ್ತೆ ಏನೂ ಇಲ್ಲ.

ಡಾಕ್ಟರಮ್ಮ ಎರಡು ಹಾಳೆಗಳನ್ನು ಮೇಜಿನ ಮೇಲಿಟ್ಟರು. ಬಲಗಣ್ಣಿನ ಹಾಳೆ ಪೂರಾ ಕಪ್ಪು, ನಡುವೆ ಹೆಬ್ಬೆಟ್ಟಿನ ಗುರುತಿನಷ್ಟು ಬೂದು. ಎಡಗಣ್ಣಿನದರಲ್ಲಿ ಅಂಗೈಯಷ್ಟು ಬಿಳಿ ಉಳಿದಿತ್ತು.

"ಆಪರೇಷನ್ ಮಾಡೋಣ. ಎಡಗಣ್ಣಲ್ಲಿ ಉಳಿದಿರೋದು ನಿಲ್ಲಬಹುದು, ನಿಲ್ಲದೇನೂ ಇರಬಹುದು. ಮಾತು ಕೊಡಲ್ಲ."

"ಅವತ್ತೇ ತುರ್ತು ಅಂತ ಬರೆದಿದ್ರೆ ಮೇಡಂ?" ಅವನು ಕೇಳಿದ.

ಅವರು ಕಡತ ತಿರುವಿ, ಒಂಬತ್ತನೆಯ ವಾರದ ಪುಟದ ಮೇಲೆ ಬೆರಳಿಟ್ಟರು. ಅವರದೇ ಕೈಬರಹ. "ಕೈಕೆಲಸ ಕಡಿಮೆಯಾಗಿಲ್ಲ ಅಂತಿದೆ ಇಲ್ಲಿ."

"ನಾನೇ ಹೇಳಿದ್ದು."

"ಹೌದು," ಎಂದರು ಅವರು. ಅವನ ಮುಖ ನೋಡಿ ಏನಾದರೂ ಸಮಾಧಾನ ಹೇಳಬೇಕು ಅನ್ನಿಸಿರಬೇಕು, ಆದರೆ ಸುಳ್ಳು ಹೇಳುವ ಅಭ್ಯಾಸ ಅವರಿಗಿರಲಿಲ್ಲ. "ಆಗಿನ್ನೂ ಸ್ವಲ್ಪ ಜಾಸ್ತಿ ಉಳಿದಿರ್ತಿತ್ತು. ಕೇಳಿದ್ರಿ ಅಂತ ಹೇಳ್ದೆ. ಫೋಟೋ ನೋಡಿ ನಂಬಿದೋರಲ್ಲಿ ನಾನೂ ಇದ್ದೀನಿ."

ದೊಡ್ಡಮ್ಮ ಅವರಿಬ್ಬರ ನಡುವಿನ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. "ಆಪರೇಷನ್ ದಿನ ಹಾಸೋ ಚಾದರ ಹರಿದಿದ್ರೆ ಹೇಳಿ ಮೇಡಂ. ಮನೇಲಿ ಒಳ್ಳೇದಿದೆ, ತರ್ತೀನಿ," ಎಂದಳು.

ಆಪರೇಷನ್ ಆಯಿತು. ಒಂದು ತಿಂಗಳು ಒತ್ತಡ ಇಳಿದಿತ್ತು. ಎರಡನೆಯ ತಿಂಗಳು ಮತ್ತೆ ಏರಿತು. ಇನ್ನೊಂದು ಔಷಧಿ ಕೊಟ್ಟರು, ಮತ್ತೊಂದು ಕೊಟ್ಟರು. ಬಿಳಿ ಉಳಿದಿದ್ದ ಜಾಗ ಮಸುಕಾಗಿ, ಕೊನೆಗೆ ಅವಳಿಗೆ ಬಾಗಿಲು ಯಾವ ಕಡೆ, ಕಿಟಕಿ ಯಾವ ಕಡೆ ಎಂದು ಗೊತ್ತಾಗುವಷ್ಟು ಬೆಳಕು ಮಾತ್ರ ಉಳಿಯಿತು. ಎದುರು ನಿಂತವರು ಮಾತಾಡುವವರೆಗೆ ಅವರು ಯಾರೂ ಅಲ್ಲ. ಮಂಚದಿಂದ ಅಡುಗೆಮನೆಗೆ ಒಂಬತ್ತು ಹೆಜ್ಜೆ, ಬಚ್ಚಲಿಗೆ ಹದಿಮೂರು ಎಂದು ಎಣಿಸಿ ಬಾಯಿಪಾಠ ಮಾಡಿದಳು. ಹೊರಗೆ ಒಬ್ಬಳೇ ಇಳಿಯುವುದನ್ನು ಬಿಟ್ಟಳು. ಬಾಲ್ಕನಿಯ ಕುರ್ಚಿಯನ್ನು ಅವನು ಒಳಗೆ ಎತ್ತಿಟ್ಟ.

ಕೌದಿಯಲ್ಲಿ ಮೂವತ್ತು ಸುತ್ತು ಆಗಿತ್ತು, ಹತ್ತು ಬಾಕಿ. ನಡುವೆ ಮೊಳಕ್ಕಿಂತ ತುಸು ಕಡಿಮೆ ಅಗಲದ, ಎರಡು ಮೊಳಕ್ಕಿಂತ ತುಸು ಉದ್ದದ ಜಾಗ ಹೊಲಿಗೆಯಿಲ್ಲದೆ ಹಾಗೇ ಇತ್ತು. ಚಳಿ ಬಿದ್ದಾಗ ಅವಳು ಅದನ್ನೇ ಹೊದ್ದುಕೊಳ್ಳತೊಡಗಿದಳು. ಹೊಲಿಗೆ ಬೀಳದ ಕಡೆ ಒಳಗಿನ ಬಟ್ಟೆಗಳು ಜಾರಿ ಒಂದು ಮೂಲೆಗೆ ಹೋಗಿ ಮುದ್ದೆಯಾದವು. ಅಂಚಿನಲ್ಲೆಲ್ಲ ಬೆಚ್ಚಗಿದ್ದು, ಸರಿಯಾಗಿ ಎದೆಯ ಮೇಲೆ ಎರಡು ತೆಳು ಬಟ್ಟೆ ಮಾತ್ರ.

ನಾನು ಮುಗಿಸಿಕೊಡ್ತೀನಿ ಎಂದ ಅವನು.

"ನೀನಾ?"

"ವಾರಕ್ಕೆ ಒಂದೇ ಸುತ್ತು. ಹತ್ತು ವಾರ. ಈ ಸಲ ಗೋಡೆಗೆ ಏನೂ ಅಂಟಿಸಲ್ಲ."

ಅವಳು ಹೇಳಿಕೊಟ್ಟಳು. ಅವನ ಬೆರಳ ಮೇಲೆ ತನ್ನ ಬೆರಳಿಟ್ಟು, ಸೂಜಿ ಎಷ್ಟು ಮುಳುಗಬೇಕು, ಎಲ್ಲಿ ಏಳಬೇಕು ಎಂದು ತೋರಿಸಿದಳು. ಮೊದಲ ವಾರ ಅವನು ನಿಜಕ್ಕೂ ಒಂದು ಸುತ್ತು ಮುಗಿಸಿದ. ಒಂಬತ್ತಡಿ. ಕುಡಿದವನು ಮನೆಗೆ ಹೋದ ದಾರಿಯಂತಿತ್ತು. ಅವಳು ಸವರಿ ನೋಡಿ, "ಹೊಲಿಗೆ ಒಂದೊಂದೂ ಬಸ್ಸಿನಷ್ಟುದ್ದ ಇದೆ. ಇರ್ಲಿ, ಹಿಡ್ಕೊಂಡಿದೆಯಲ್ಲ," ಎಂದಳು. ಎರಡನೆಯ ವಾರ ಅರ್ಧ ಸುತ್ತು ಆಯಿತು. ಮೂರನೆಯ ವಾರ ಗೋದಾಮಿನಲ್ಲಿ ದಾಸ್ತಾನು ಎಣಿಕೆ, ದಿನವೂ ತಡ. ನಾಲ್ಕನೆಯ ವಾರ ದಾಸ್ತಾನು ಎಣಿಕೆ ಇರಲಿಲ್ಲ. ಅವನು ಆರಾಮ ಕುರ್ಚಿಯಲ್ಲಿ ಕೂತು, ಕೌದಿಯನ್ನು ನೋಡುತ್ತಾ, ನಾಳೆ ಎಂದುಕೊಂಡ. ಐದು ಮತ್ತು ಆರನೆಯ ವಾರಗಳ ಬಗ್ಗೆ ಹೇಳಲು ಏನೂ ಇಲ್ಲ. ತನ್ನ ಕೈಯಾರೆ ಒಬ್ಬಳ ಕಣ್ಣು ಕಳೆದ ಮೇಲಾದರೂ ಮನುಷ್ಯ ಬದಲಾಗುತ್ತಾನೆ ಎಂದು ಅವನು ಬಲವಾಗಿ ನಂಬಿದ್ದ. ತನ್ನ ಬಗ್ಗೆ ಅವನಿಗಿದ್ದ ಕೊನೆಯ ನಂಬಿಕೆ ಅದು.

ಏಳನೆಯ ವಾರದ ಒಂದು ಬೆಳಗ್ಗೆ ಹಾಸಿಗೆ ಮಡಚುತ್ತಿದ್ದ ದೊಡ್ಡಮ್ಮ "ಸ್" ಎಂದು ಕೈ ಎಳೆದುಕೊಂಡಳು. ಕೆಲಸಕ್ಕೆ ಹೊರಟು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ಅವನು ಓಡಿಬಂದ. ಅವಳ ತೋರುಬೆರಳ ತುದಿಯಲ್ಲಿ ಕೆಂಪು ಹನಿಯೊಂದು ಏಳುತ್ತಿತ್ತು. ಐದು ವಾರದ ಹಿಂದೆ ಅರ್ಧ ಸುತ್ತಿನಲ್ಲಿ ಅವನು ಚುಚ್ಚಿಟ್ಟಿದ್ದ ಸೂಜಿ ಹಾಗೇ ಇತ್ತು. ಇಷ್ಟು ದಿನ ಅವಳು ಅದರ ಕೆಳಗೇ ಮಲಗಿದ್ದಳು.

"ದೊಡ್ಡಮ್ಮಾ, ನಾನು..."

"ಸೂಜಿನ ಬಟ್ಟೇಲಿ ಬಿಡಬಾರ್ದು ಮಗಾ," ಎಂದಳು ಅವಳು. ಬೆರಳನ್ನು ಬಾಯಲ್ಲಿಟ್ಟುಕೊಂಡು ಚೀಪಿದಳು. "ನಮ್ಮ ಕೋಣೇಲಿ ಸಂಜೆ ಎಲ್ಲಾ ಸೂಜಿ ಎಣಿಸಿ ಕೊಟ್ಟ ಮೇಲೇ ಹೊರಗೆ ಬಿಡ್ತಿದ್ದದ್ದು. ಒಂದು ಕಡಿಮೆ ಬಿದ್ರೂ ರೋಗಿ ಮೈಗೆ ಚುಚ್ಚುತ್ತೆ ಅಂತ."

ಆಮೇಲೆ ಅವಳು ಹಾಸಿಗೆಯ ಮೇಲೆ ಕೂತು, ತಡಕಿ ಸೂಜಿಯನ್ನು ಹಿಡಿದು, ದಾರವನ್ನು ಹಲ್ಲಿನಿಂದ ಕಡಿದಳು. ಅವನು ಹೊಲಿದಿದ್ದ ಅರ್ಧ ಸುತ್ತಿನ ತುದಿಗೆ ಬೆರಳಿನಲ್ಲೇ ಒಂದು ಗಂಟು ಹಾಕಿದಳು, ಬಿಚ್ಚಿಕೊಂಡು ಹೋಗದ ಹಾಗೆ, ಇನ್ನು ಮುಂದೆ ಹೊಲಿಯುವುದಿಲ್ಲ ಎನ್ನುವ ಹಾಗೆ. ಸೂಜಿಯನ್ನು ಅವನ ಕಡೆ ಚಾಚಿದಳು. ಅವನು ಇದ್ದದ್ದು ಅವಳ ಎಡಕ್ಕೆ; ಅವಳು ಚಾಚಿದ್ದು ಬಲಕ್ಕೆ.

"ತಗೋ. ಡಬ್ಬೀಲಿ ಹಾಕು. ಬಸ್ಸಿಗೆ ಹೊತ್ತಾಯ್ತಲ್ವಾ ನಿಂಗೆ."

ಅವನು ಮಂಚವನ್ನು ಸುತ್ತಿ ಬಂದು ಸೂಜಿ ತೆಗೆದುಕೊಂಡ.